ಎರೆ ಮಣ್ಣಿನ ಅಂಗಳದಲ್ಲಿ ಹುಲ್ಲುಹಾಸಿಗೆ ಗೊಬ್ಬರ: ನನ್ನ ಅನುಭವ

ಎರೆ ಹೊಲದ ರೈತನಿಗೆ ಕರಿಕಿಯಷ್ಟು, ಅಂದರೆ ಗರಿಕೆ ಹುಲ್ಲಿನಷ್ಟು, ಹಟಮಾರಿ ಕಳೆ ಇನ್ನೊಂದಿಲ್ಲ. ನಮ್ಮ ಹಿರಿಯರು ಬೇಸಿಗೆಯಲ್ಲಿ ನೇಗಿಲು ಹೊಡೆಸಿ, ಆಳುಗಳಿಗೆ ಕೂಲಿ ಕೊಟ್ಟು, ಅದರ ಬೇರುಗಳನ್ನು ಆರಿಸಿ ಬದುವಿಗೆ ಹಾಕಿಸುತ್ತಿದ್ದರು. ಅಂಥ ಮನೆತನದ ನಾನು ಹುಬ್ಬಳ್ಳಿಯಲ್ಲಿ ಗದಗ ರಸ್ತೆಯ ಕಡೆ ಮನೆ ಕಟ್ಟಿಸಿ, ಮುಂದಿನ ಅರ್ಧ ಗುಂಟೆಯಲ್ಲಿ ಅದೇ ಕರಿಕಿಯ ಸಣ್ಣೆಲೆಯ ತಳಿಯನ್ನು ದುಡ್ಡು ಕೊಟ್ಟು ತಂದು ನೆಟ್ಟಾಗ, ಊರಿನಿಂದ ಬಂದಿದ್ದ ಕಾಕಾ "ಹೊಲದಾಗಿಂದ ಕಿತ್ತು ಒಗದದ್ದನ್ನ ನೀ ಗೊಬ್ಬರ ಹಾಕಿ ಬೆಳಸಾಕತ್ತಿಯಲ್ಲೋ" ಎಂದು ನಕ್ಕಿದ್ದರು.

ಹೊಲದಲ್ಲಿ ಯಾರ ಹಂಗೂ ಇಲ್ಲದೆ ಹಬ್ಬುವ ಹುಲ್ಲು ಅಂಗಳದಲ್ಲಿ ಎರಡೇ ವರ್ಷಕ್ಕೆ ಬಣ್ಣಗೆಟ್ಟಿತು. ಕಾರಣ ಸರಳವಾಗಿತ್ತು. ವಾರಕ್ಕೊಮ್ಮೆ ಕತ್ತರಿಸಿದ ಹುಲ್ಲನ್ನು ಬಾಚಿ ಗೇಟಿನ ಹೊರಗೆ ಹಾಕುತ್ತಿದ್ದೆ; ಅಂದರೆ ಪ್ರತಿ ವಾರ ಒಂದು ಸಣ್ಣ ಬೆಳೆಯನ್ನು ಕೊಯ್ದುಕೊಂಡು ನೆಲಕ್ಕೆ ಏನನ್ನೂ ಹಿಂದಿರುಗಿಸದೆ ಇದ್ದೆ. ಅದು ಹೊಳೆಯುವ ಮೊದಲೇ ಯೂರಿಯಾ ಹಾಕಿದರೆ ಹಸಿರಾಗುತ್ತದೆಂಬ ಮಾತು ಕೇಳಿ, ಊರಿನ ಹೊಲಕ್ಕೆಂದು ತಂದಿದ್ದ ಚೀಲದಿಂದ ಎರಡು ಕಿಲೋ ತಂದೆ. ಮೇ ತಿಂಗಳ ಒಂದು ಮಧ್ಯಾಹ್ನ, ಜೋಳ ಚೆಲ್ಲುವವನಂತೆ ಮುಷ್ಟಿಮುಷ್ಟಿಯಾಗಿ ಬೀಸಿದೆ. ಅಂದು ನಳದ ನೀರಿನ ಸರದಿ ಇರಲಿಲ್ಲ. ನಾಲ್ಕನೆಯ ದಿನ ನೋಡಿದರೆ ನನ್ನ ಕೈ ಬೀಸಿದ ಬಾಗು ಬಾಗಾಗಿಯೇ ಹುಲ್ಲು ಸುಟ್ಟು ಕಂದುಬಣ್ಣಕ್ಕೆ ತಿರುಗಿತ್ತು. ನಾನು ಎಲ್ಲಿ ನಿಂತಿದ್ದೆ, ಎಷ್ಟು ಹೆಜ್ಜೆಗೊಮ್ಮೆ ಮುಷ್ಟಿ ಬಿಚ್ಚಿದ್ದೆ ಎಂಬುದನ್ನೆಲ್ಲ ನೆಲವೇ ಬರೆದಿಟ್ಟುಕೊಂಡಿತ್ತು. ಬಾಗುಗಳ ನಡುವಿನ ಜಾಗ ಮೊದಲಿನಂತೆಯೇ ಬಿಳಿಚಿಕೊಂಡಿತ್ತು.

ಆಮೇಲೆ ಲೆಕ್ಕಕ್ಕೆ ಕುಳಿತೆ. ಅರ್ಧ ಗುಂಟೆಯೆಂದರೆ ಸುಮಾರು 50 ಚದರ ಮೀಟರ್. ಹುಲ್ಲುಹಾಸಿಗೆ ಒಂದು ಸಲಕ್ಕೆ ಚದರ ಮೀಟರಿಗೆ 5 ಗ್ರಾಂ ಸಾರಜನಕವೇ ಹೆಚ್ಚಿನ ಮಿತಿ. ಯೂರಿಯಾದಲ್ಲಿ ಸಾರಜನಕ ಶೇಕಡಾ 46ರಷ್ಟಿರುವುದರಿಂದ ನನ್ನ ಜಾಗಕ್ಕೆ ಅದು ಸುಮಾರು 540 ಗ್ರಾಂ. ನಾನು ಚೆಲ್ಲಿದ್ದು ಎರಡು ಕಿಲೋ! ಈಗ ಆ ಮಿತಿಯ ಅರ್ಧವನ್ನು, ಅಂದರೆ 270 ಗ್ರಾಂ ಮಾತ್ರ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ತೆಗೆದುಕೊಳ್ಳುತ್ತೇನೆ. ಇಷ್ಟು ಕಡಿಮೆ ಹರಳು ಕೈಗೆ ಅಂದಾಜು ಸಿಗುವುದಿಲ್ಲವಾದ್ದರಿಂದ ಮೂರು ಕಿಲೋ ಒಣ ಮರಳಿನಲ್ಲಿ ಬೆರೆಸಿ ಎರಡು ಪಾಲು ಮಾಡಿ, ಒಂದನ್ನು ಪೂರ್ವ–ಪಶ್ಚಿಮವಾಗಿ ನಡೆಯುತ್ತ, ಇನ್ನೊಂದನ್ನು ಉತ್ತರ–ದಕ್ಷಿಣವಾಗಿ ನಡೆಯುತ್ತ ಚೆಲ್ಲುತ್ತೇನೆ. ಎಲೆಯ ಮೇಲೆ ಇಬ್ಬನಿ ಇದ್ದರೆ ಹರಳು ಅಲ್ಲಿಯೇ ಅಂಟಿ ಸುಡುವುದರಿಂದ ಹುಲ್ಲು ಒಣಗಿರಬೇಕು, ಮಣ್ಣು ಮಾತ್ರ ಹಸಿಯಾಗಿರಬೇಕು.

ಚೆಲ್ಲಿದ ಕೂಡಲೇ ನೀರು ಕೊಡುವುದು ನಮ್ಮ ಮಣ್ಣಿನಲ್ಲಿ ಇನ್ನೂ ಮುಖ್ಯ. ಸುಣ್ಣ ಹೆಚ್ಚಿರುವ ಕ್ಷಾರ ಮಣ್ಣಿನ ಮೇಲ್ಪದರದಲ್ಲಿ ಉಳಿದ ಯೂರಿಯಾ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಚದರ ಮೀಟರಿಗೆ ಐದಾರು ಲೀಟರಿನಂತೆ ಸುಮಾರು 300 ಲೀಟರ್ ಬೇಕಾಗುತ್ತದೆ. ನಮ್ಮಲ್ಲಿ ಮಲಪ್ರಭೆಯ ನೀರು ದಿನವೂ ನಳಕ್ಕೆ ಬರುವುದಿಲ್ಲವಾದ್ದರಿಂದ ಗೊಬ್ಬರದ ದಿನವನ್ನು ನೀರಿನ ಸರದಿಗೆ ಹೊಂದಿಸಿಕೊಳ್ಳುತ್ತೇನೆ. ಮಳೆಗಾಲದಲ್ಲಿ ಜಿಟಿಜಿಟಿ ಮಳೆ ಈ ಕೆಲಸವನ್ನು ಬಿಟ್ಟಿಯಾಗಿ ಮಾಡಿಕೊಡುತ್ತದೆ, ಆದರೆ ದೊಡ್ಡ ಮೋಡ ಕವಿದಿದ್ದರೆ ಡಬ್ಬಿ ತೆರೆಯುವುದಿಲ್ಲ. ಗೊಬ್ಬರ ಗಟಾರಕ್ಕೆ ಹರಿಯುತ್ತದೆ.

ಇಷ್ಟು ಶಿಸ್ತಿನ ಮೇಲೂ ಬೇಲಿಯ ಪಕ್ಕದ ಪಟ್ಟಿಯೊಂದು ಹಳದಿಯಾಗಿಯೇ ಉಳಿಯಿತು. ಸಾರಜನಕದ ಕೊರತೆಯಾದರೆ ಮೊದಲು ಕೆಳಗಿನ ಹಳೆಯ ಎಲೆ ಪೂರ್ತಿಯಾಗಿ ಬಿಳಿಚುತ್ತದೆ. ಇಲ್ಲಿ ಹಾಗಿರಲಿಲ್ಲ. ಒಂದು ಎಳೆ ಕಿತ್ತು ಬಿಸಿಲಿಗೆ ಹಿಡಿದು ನೋಡಿದಾಗ ತುದಿಯ ಹೊಸ ಎಲೆಯೇ ಹಳದಿ, ಅದರ ಉದ್ದಕ್ಕೂ ನರಗಳು ಮಾತ್ರ ಹಸಿರು ಗೆರೆಗಳಾಗಿ ಕಾಣುತ್ತಿದ್ದವು. ಅದು ಕಬ್ಬಿಣದ ಕೊರತೆಯ ಗುರುತು. ಆರು ಕಡೆ 15 ಸೆಂಟಿಮೀಟರ್ ಆಳಕ್ಕೆ ಅಗೆದು, ಬೆರೆಸಿ, ಅರ್ಧ ಕಿಲೋ ಮಣ್ಣನ್ನು ಪರೀಕ್ಷೆಗೆ ಕೊಟ್ಟೆ; ರಸಸಾರ (pH) 8.3, ಅಂದರೆ ಕ್ಷಾರ, ಸಾರಜನಕ ಕಡಿಮೆ, ಪೊಟ್ಯಾಷ್ ಹೇರಳ ಎಂದು ಬಂತು. ಅಂಥ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವ ರೂಪದಲ್ಲಿರುವುದಿಲ್ಲ, ನೆಲಕ್ಕೆ ಹಾಕಿದರೂ ಸುಣ್ಣ ಅದನ್ನು ಕಟ್ಟಿಹಾಕುತ್ತದೆ. ಆದ್ದರಿಂದ ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಎಲೆಗಳ ಮೇಲೆ ಸಿಂಪಡಿಸಿದೆ. ವಾರದೊಳಗೆ ಪಟ್ಟಿ ಹಸಿರಾಯಿತು. ಕತ್ತರಿಸಿದಾಗ ಹಸಿರಾದ ಎಲೆ ಹೋಗುವುದರಿಂದ ಮಳೆಗಾಲದಲ್ಲಿ ಎರಡು ಮೂರು ಸಲ ಇದನ್ನು ಮಾಡಬೇಕಾಗುತ್ತದೆ. ಮೊದಲ ಸಲ ಗಾಳಿಗೆ ಹಾರಿದ ಹನಿಗಳು ಕಟ್ಟೆಯ ಹಾಸುಗಲ್ಲಿನ ಮೇಲೆ ಬಿದ್ದು ತುಕ್ಕಿನ ಚುಕ್ಕೆಗಳಾಗಿವೆ. ನನ್ನ ಹೆಂಡತಿ ಬಂದವರಿಗೆಲ್ಲ ಅವನ್ನು ತೋರಿಸುತ್ತಾಳೆ.

ಪೊಟ್ಯಾಷ್ ಸಾಕಷ್ಟಿದ್ದುದರಿಂದ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮವಾಗಿರುವ 19:19:19ರಂಥ ಬಣ್ಣದ ಪೊಟ್ಟಣಗಳ ಗೋಜಿಗೆ ಹೋಗಲಿಲ್ಲ. ಸಗಣಿ ಗೊಬ್ಬರದ ವಿಷಯದಲ್ಲಿ ಮಾತ್ರ ಒಂದು ಪಾಠ ದುಬಾರಿಯಾಯಿತು. ಅರೆಕೊಳೆತದ್ದನ್ನು ಹರಡಿದ ವರ್ಷ ಪಾರ್ಥೇನಿಯಂ ಸಸಿಗಳೂ ಗೊಣ್ಣೆಹುಳುವೂ ಒಟ್ಟಿಗೆ ಬಂದವು. ಈಗ ಪೂರ್ತಿ ಕಳಿತದ್ದನ್ನು ಜರಡಿ ಹಿಡಿದು, ಸಮಪಾಲು ಮರಳು ಸೇರಿಸಿ, ಮೊದಲ ಮಳೆಗೆ ಮುಂಚೆ ಎರೆ ಬಿಟ್ಟ ಬಿರುಕುಗಳಿಗೆ ತುಂಬಿಸಿ ಮೇಲೆ ತೆಳುವಾಗಿ ಎಳೆಯುತ್ತೇನೆ. ಬೇಸಿಗೆಯಲ್ಲಿ ಬೆರಳು ಹೋಗುವಷ್ಟು ಬಿರುಕಿರುವಾಗ ಹಾಕಿದ ಹರಳೂ ನೀರೂ ಬೇರನ್ನು ದಾಟಿ ಪಾತಾಳಕ್ಕೆ ಇಳಿಯುತ್ತವೆ.

ಯೂರಿಯಾ ಕಂತು ಮೃಗಶಿರ ಮಳೆಯಿಂದ ಚಿತ್ತಾ ಮಳೆಯವರೆಗೆ (ಜೂನ್‌ನಿಂದ ಅಕ್ಟೋಬರ್) ತಿಂಗಳಿಗೊಮ್ಮೆ. ನೀರು ನಿಂತು ಹಳದಿಯಾದ ದಿನಗಳಲ್ಲಿ ಗೊಬ್ಬರವಲ್ಲ, ಕಾಲುವೆ ಬಿಡಿಸುವುದೇ ಮದ್ದು. ಕತ್ತರಿಸುವಾಗ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯುವುದಿಲ್ಲ, ಚೂರುಗಳನ್ನು ಅಲ್ಲಿಯೇ ಬಿಡುತ್ತೇನೆ. ಅವು ಕೊಳೆತು ಸಾರಜನಕದ ಒಂದು ಪಾಲನ್ನು ನೆಲಕ್ಕೆ ಮರಳಿಸುತ್ತವೆ. ಡಿಸೆಂಬರಿನ ಚಳಿಗೆ ಕರಿಕಿ ತೂಕಡಿಸಿ ಮಾಸಲಾಗುತ್ತದೆ, ಆಗ ಎಬ್ಬಿಸಲು ಹೋಗುವುದಿಲ್ಲ. ಉಳಿದ ಯೂರಿಯಾ ಗಾಳಿಯ ತೇವ ಹೀರಿ ಗಡ್ಡೆಗಟ್ಟದಂತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಮಾಳಿಗೆಯ ಮೆಟ್ಟಿಲ ಕೆಳಗೆ, ತಕ್ಕಡಿಯ ಪಕ್ಕದಲ್ಲಿದೆ. ಅಡುಗೆಮನೆಗೆ ಹೊಸ ತಕ್ಕಡಿ ತರಬೇಕಾಯಿತು.