ಜ್ವರದ ಮನೆಯಲ್ಲಿ ಕೌದಿಯ ಕೆಲಸ

ಕಳೆದ ವಾರ ನಮ್ಮ ಹಿಂದಿನ ಓಣಿಯಲ್ಲಿ ಬಾಡಿಗೆಗಿರುವ ಹುಡುಗನಿಗೆ ಜ್ವರ ಬಂದಾಗ ಅವನ ಹೆಂಡತಿ ಗಾಬರಿಯಿಂದ ಬಂದು, "ಅಜ್ಜಿ, ಆಕ್ಸಿಮೀಟರ್ ಏನೂ ತೋರಿಸುತ್ತಿಲ್ಲ" ಎಂದಳು. ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿ ಆಮ್ಲಜನಕ ನೂರಕ್ಕೆ ಎಷ್ಟಿದೆ ಎಂದು ನೋಡುವ ಸಾಧನ ಅದು. ಹೋಗಿ ನೋಡಿದರೆ ಅದರ ಎರಡೂ ಸೆಲ್ಲುಗಳು ಒಳಗೇ ಒಸರಿ ಹಸಿರುಗಟ್ಟಿದ್ದವು. 2021ರಲ್ಲಿ ಮುಗಿಬಿದ್ದು ಕೊಂಡ ವಸ್ತುವನ್ನು ಸೆಲ್ಲು ತೆಗೆಯದೆ ಕಪಾಟಿನ ಖಾನೆಗೆ ಹಾಕಿ ಮರೆತಿದ್ದರು. ಕೋಣೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ಹಾಸಿಗೆಯ ಪಕ್ಕದಲ್ಲಿ ತಂಬಿಗೆ ತುಂಬ ಮೆಣಸಿನ ಕಷಾಯ, ಹುಡುಗನ ಕೈಯಲ್ಲಿ ಮೊಬೈಲು, ಅದರಲ್ಲಿ ಯಾರೋ ಸತ್ತ ಸುದ್ದಿ. ಕೊರೊನಾದಂಥ ದೊಡ್ಡ ಸಾಂಕ್ರಾಮಿಕವನ್ನು ದಾಟಿ ಬಂದವರು ನಾವು. ಕಲಿತದ್ದನ್ನು ಇಷ್ಟು ಬೇಗ ಮರೆತರೆ ಹೇಗೆ ಎಂಬ ಸಂಕಟದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಿಟಕಿಯ ಮಾತು. 1898ರಲ್ಲಿ ಹುಬ್ಬಳ್ಳಿ, ಧಾರವಾಡಗಳಲ್ಲಿ ಪ್ಲೇಗು ಹರಡಿದಾಗ ಜನ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇದ್ದ ಕಥೆಯನ್ನು ನಮ್ಮ ಅಜ್ಜಿ ತನ್ನ ತಾಯಿಯಿಂದ ಕೇಳಿ ನಮಗೆ ಹೇಳುತ್ತಿದ್ದಳು. ಅದು ಇಲಿ ಮತ್ತು ಚಿಗಟದಿಂದ ಬರುತ್ತಿದ್ದ ರೋಗ, ಕೊರೊನಾ ಉಸಿರಿನಿಂದ ಹರಡುವ ರೋಗ. ಆದರೂ ಬಯಲ ಗಾಳಿ ಬೇಕೆಂಬ ಅವಳ ಹಟ ಈ ರೋಗಕ್ಕೇ ಹೆಚ್ಚು ಸಲ್ಲುತ್ತದೆ. ಥಂಡಿಯಾಗುತ್ತದೆ ಎಂದು ರೋಗಿಯ ಕೋಣೆಯನ್ನು ಮುಚ್ಚಬೇಡಿ. ಹೊದೆಯಲು ಇನ್ನೊಂದು ಚಾದರ ಕೊಡಿ, ಕಿಟಕಿ ತೆರೆದಿಡಿ, ಒಳಗೆ ಹೋಗುವವರು ಮಾಸ್ಕ್ ಹಾಕಿಕೊಳ್ಳಿ. 2020ರಲ್ಲಿ ಟೊಮೆಟೊ, ಬದನೆಕಾಯಿಗಳನ್ನು ಸೋಪಿನ ನೀರಿನಲ್ಲಿ ತೊಳೆದವರೇ ಆ ಕೋಣೆಗೆ ಬರಿಮುಖದಲ್ಲಿ ಹೋಗಿ ಬರುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಷಾಯ ಕುಡಿಯಬಾರದೆಂದು ನಾನು ಹೇಳುವುದಿಲ್ಲ. ಚಿಟಿಕೆ ಮೆಣಸು, ಚೂರು ಶುಂಠಿ, ಅರ್ಧ ಲೋಟ ನೀರು, ದಿನಕ್ಕೆ ಒಂದು ಸಲ, ಗಂಟಲಿಗೆ ಹಿತವಾಗುವಷ್ಟು ಸಾಕು. ಅದು ರೋಗ ವಾಸಿಮಾಡುವ ಔಷಧವಲ್ಲ, ಹೆಚ್ಚು ಕುಡಿದರೆ ಹೊಟ್ಟೆ ಉರಿದು ಇದ್ದ ಹಸಿವೂ ಹೋಗುತ್ತದೆ. ಗಂಜಿ, ಹೆಸರುಬೇಳೆಯ ಕಟ್ಟು, ತೆಳುವಾದ ಮಜ್ಜಿಗೆ ಮಾಡುವುದು ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ವಿವರಿಸುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಿ. ಕುದಿಯುವ ನೀರಿನ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಹಬೆ ತೆಗೆದುಕೊಳ್ಳುವ ಹುಚ್ಚುತನವಂತೂ ಬೇಡವೇ ಬೇಡ. ಪಕ್ಕದ ಮನೆಯವರು ನುಂಗಿದ ಸ್ಟಿರಾಯ್ಡ್ ಮಾತ್ರೆಯನ್ನು ನೀವೂ ತಂದು ನುಂಗಬೇಡಿ. ಆಮ್ಲಜನಕ ಕೊಡಬೇಕಾದ ಸ್ಥಿತಿಗೆ ಹೋದವರಿಗೆ ಮಾತ್ರ ಅದರಿಂದ ಪ್ರಯೋಜನವೆಂದು 2020ರಲ್ಲೇ ಗೊತ್ತಾಗಿತ್ತು. ಉಳಿದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಿಗೆ, ಅದರಿಂದ ಕೇಡೇ ಹೆಚ್ಚು.

ಆಕ್ಸಿಮೀಟರ್ ಹಾಕುವಾಗಲೂ ಅವಸರ ಮಾಡುತ್ತೀರಿ. ಬಚ್ಚಲಿಗೆ ಹೋಗಿ ಬಂದ ಕೂಡಲೇ ಬೆರಳಿಗೆ ಸಿಕ್ಕಿಸಿ, ಮೊದಲು ಕಂಡ ಅಂಕಿಗೇ ಹೆದರುತ್ತೀರಿ. ಐದು ನಿಮಿಷವಾದರೂ ಸುಮ್ಮನೆ ಕುಳಿತಿರಬೇಕು. ಉಗುರಿಗೆ ಬಣ್ಣವಿರಬಾರದು, ಬೆರಳು ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು, ಕೈಯನ್ನು ಎದೆಯ ಮಟ್ಟದಲ್ಲಿಟ್ಟು ಅಂಕಿ ಓಲಾಡದೆ ನಿಲ್ಲುವವರೆಗೆ, ಒಂದು ನಿಮಿಷವಾದರೂ, ಕಾಯಬೇಕು. ದಿನಕ್ಕೆ ಮೂರು ಸಲ, ಹೊತ್ತಿನ ಸಮೇತ ಬರೆದಿಡಿ. 94ಕ್ಕಿಂತ ಕೆಳಗಿಳಿದರೆ ಡಾಕ್ಟರಿಗೆ ತಿಳಿಸಿ. 90ಕ್ಕಿಂತ ಕೆಳಗಿಳಿದರೆ, ಅಥವಾ ಮಾತನಾಡುವಾಗ ವಾಕ್ಯ ಮುಗಿಸುವಷ್ಟು ಉಸಿರು ಸಾಲದಿದ್ದರೆ, ಮನೆಯಲ್ಲಿ ಒಂದು ಗಳಿಗೆಯೂ ಇಟ್ಟುಕೊಳ್ಳದೆ ಆಸ್ಪತ್ರೆಗೆ ಹೊರಡಿ.

ಇನ್ನು ನಾನು ಕಟ್ಟಾ ನಂಬಿರುವ ಕೌದಿಯ ವಿಷಯ. 2021ರ ಮೇ ತಿಂಗಳಲ್ಲಿ ನಮ್ಮ ಯಜಮಾನರ ಅಂಕಿ 92ಕ್ಕೆ ಇಳಿಯಿತು, ಆಸ್ಪತ್ರೆಗಳಲ್ಲಿ ಹಾಸಿಗೆಯಿರಲಿಲ್ಲ. ಹಾಸಿಗೆ ಸಿಗುವವರೆಗೆ ಬೋರಲು ಮಲಗಿಸಿ ಎಂದು ನಮ್ಮ ಡಾಕ್ಟರು ಫೋನಿನಲ್ಲಿ ಹೇಳಿದರು. ಅದರ ಹಿಂದಿನ ತಿಂಗಳಷ್ಟೇ ಕೇಂದ್ರ ಆರೋಗ್ಯ ಸಚಿವಾಲಯವೂ ನಾಲ್ಕೈದು ದಿಂಬುಗಳನ್ನಿಟ್ಟು ಹೀಗೆ ಮಲಗುವ ಕ್ರಮವನ್ನು ಚಿತ್ರಸಹಿತ ಪ್ರಕಟಿಸಿತ್ತು. ಅಂಗಾತ ಮಲಗಿದಾಗ ಹೃದಯ ಮತ್ತು ಹೊಟ್ಟೆಯ ಭಾರ ಪುಪ್ಪುಸದ ಬೆನ್ನಿನ ಭಾಗವನ್ನು ಒತ್ತುತ್ತದೆ. ಬೋರಲಾದರೆ ಆ ಭಾಗ ಬಿಡಿಸಿಕೊಂಡು ಗಾಳಿ ತುಂಬುತ್ತದೆ. ನನ್ನ ಸೊಸೆ ಮನೆಯ ಫೋಮ್ ದಿಂಬುಗಳನ್ನೆಲ್ಲ ತಂದು ಒಟ್ಟಿದಳು. ಹತ್ತು ನಿಮಿಷದಲ್ಲಿ ಅವು ಕುಸಿದು, ಹೊಟ್ಟೆ ಹಾಸಿಗೆಗೆ ಒತ್ತಿ, ಯಜಮಾನರು ಉಸಿರು ಕಟ್ಟಿದಂತಾಗಿ ಎದ್ದು ಕುಳಿತರು.

ಆಗ ನಾನು ನಮ್ಮತ್ತೆ ಹಳೆಯ ಇಳಕಲ್ ಸೀರೆ, ಧೋತರಗಳನ್ನು ಪದರ ಪದರವಾಗಿ ಹೊಲಿದ ಕೌದಿಗಳನ್ನು ಇಳಿಸಿದೆ. ಕೌದಿ ಭಾರಕ್ಕೆ ಕುಸಿಯುವುದಿಲ್ಲ, ಮಡಚಿದ ಹಾಗೆಯೇ ನಿಲ್ಲುತ್ತದೆ. ಮೊದಲನೆಯದನ್ನು ಎದೆಯ ಅಗಲಕ್ಕೆ ಚಪ್ಪಟೆಯಾಗಿ ಮಡಚಿ, ಎತ್ತರ ನಾಲ್ಕು ಬೆರಳು ಅಡ್ಡವಿಟ್ಟಷ್ಟು ಮಾಡಿ, ಕೊರಳೆಲುಬಿನ ಕೆಳಗಿನಿಂದ ಪಕ್ಕೆಲುಬು ಮುಗಿಯುವವರೆಗೆ ಬರುವಂತೆ ಇಡಬೇಕು. ಎರಡನೆಯದನ್ನು ಅದೇ ಎತ್ತರಕ್ಕೆ ಮಡಚಿ ಸೊಂಟದೆಲುಬು ಮತ್ತು ತೊಡೆಯ ಮೇಲ್ಭಾಗಕ್ಕೆ ಇಡಬೇಕು. ಇವೆರಡರ ನಡುವಿನ ಸಂದಿಯೇ ಇದರ ಜೀವ. ರೋಗಿ ಮಲಗಿದ ಮೇಲೆ ನಿಮ್ಮ ಅಂಗೈಯನ್ನು ಅವರ ಹೊಟ್ಟೆಯ ಕೆಳಗೆ ತೂರಿಸಿ ನೋಡಿ, ಎಲ್ಲಿಯೂ ತಡೆಯದೆ ಒಳಗೆ ಹೋಗಿ ಹೊರಗೆ ಬರಬೇಕು. ತಡೆದರೆ ಎಬ್ಬಿಸಿ ಇನ್ನೊಂದು ಮಡಿಕೆ ಹೆಚ್ಚಿಸಿ. ಮೂರನೆಯದನ್ನು ಬಿಗಿಯಾಗಿ ಸುತ್ತಿ ಮೊಣಕಾಲಿನಿಂದ ಕೆಳಗಿನ ಕಾಲಿನ ಅಡಿಗೆ ಇಟ್ಟರೆ ಕಾಲ್ಬೆರಳು ಹಾಸಿಗೆಗೆ ಒತ್ತುವುದಿಲ್ಲ. ತಲೆಗೆ ಮಾತ್ರ ಕೌದಿ ಬೇಡ, ತೊಳೆದು ತೊಳೆದು ಮೆತ್ತಗಾದ ಸೀರೆಯೊಂದನ್ನು ಮಡಚಿ ಕೆನ್ನೆಯ ಕೆಳಗಿಡಿ, ಕಿವಿ ಮಡಚಿಕೊಳ್ಳದಂತೆ ಸರಿಪಡಿಸಿ. ಕೌದಿಯ ಗಂಟು ಹೊಲಿಗೆ ಮೈಗೆ ಒತ್ತಿದರೆ ಬರೆ ಮೂಡುತ್ತದೆ, ಆದ್ದರಿಂದ ಗಂಟಿನ ಮಗ್ಗುಲನ್ನು ಕೆಳಗೆ ಮಾಡಿ ಮೇಲೊಂದು ಧೋತರ ಹಾಸಿ.

ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ, ತಡೆದುಕೊಳ್ಳುವಷ್ಟು ಹೊತ್ತು ಹೀಗೆ ಮಲಗಿ, ಬಳಿಕ ಬಲಮಗ್ಗುಲು, ಆಮೇಲೆ ಒರಗಿ ಕೂರುವುದು, ಆಮೇಲೆ ಎಡಮಗ್ಗುಲು, ಮತ್ತೆ ಬೋರಲು. ಊಟವಾಗಿ ಒಂದು ಗಂಟೆ ಕಳೆಯುವವರೆಗೆ ಬೇಡ. ಬಸುರಿಯರಿಗೆ, ತೀವ್ರ ಹೃದ್ರೋಗವಿದ್ದವರಿಗೆ, ಬೆನ್ನೆಲುಬು ಅಥವಾ ತೊಡೆಮೂಳೆ ಮುರಿದವರಿಗೆ ಇದು ಸಲ್ಲದು. ಕೌದಿ ಒಗೆಯುವ ವಿಚಾರವನ್ನೂ ಹೇಳಿಬಿಡುತ್ತೇನೆ: ಹಸಿ ಕೌದಿಯನ್ನು ಹಿಂಡಿ ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರಕ್ಕೆ ಹೊಲಿಗೆ ಹರಿಯುತ್ತದೆ. ಹಿಂಡದೆ ಕಟ್ಟೆಯ ಮೇಲೆ ಹರವಿ ನೀರು ಬಸಿಯಲು ಬಿಡಿ.

ಹಾಗೆ ಮಲಗಿದ ಹೊತ್ತು ರೋಗಿಗೆ ಯುಗದಂತೆ ಕಾಣುತ್ತದೆ. ಮುಖ ಒಂದೇ ಕಡೆ, ಕಣ್ಣೆದುರು ಗೋಡೆ, ಮನಸ್ಸಿಗೆ ಬರುವುದೆಲ್ಲ ಸಾವಿನ ಯೋಚನೆ. ಮೊದಲ ದಿನ ಯಜಮಾನರು ಎಂಟು ನಿಮಿಷಕ್ಕೇ ಏಳುತ್ತೇನೆ ಎಂದರು. ನಾನು ಪಡಸಾಲೆಯಲ್ಲಿ ಅವರ ಬಾಗಿಲಿಗೆ ಎದುರಾಗಿ ಕುಳಿತು, ಶೇಂಗಾ ಸುಲಿಯುತ್ತಾ, ನಮ್ಮ ಹೊಲದ ಬದುವಿನಲ್ಲಿದ್ದ ಮರಗಳನ್ನು ಒಂದೊಂದಾಗಿ ಕೇಳತೊಡಗಿದೆ. ಬೇವಿನ ಪಕ್ಕ ಬನ್ನಿಯಿತ್ತೋ ಜಾಲಿಯಿತ್ತೋ ಎಂದು ಅವರು ವಾದಕ್ಕೆ ಬಿದ್ದರು, ನಲವತ್ತು ನಿಮಿಷ ಕಳೆಯಿತು, ಅಂಕಿ 95 ತೋರಿಸಿತು. ಆದ್ದರಿಂದ ರೋಗಿಯನ್ನು ಮೊಬೈಲಿನ ವಶಕ್ಕೆ ಒಪ್ಪಿಸಿ ಊಟದ ತಟ್ಟೆಯನ್ನು ಬಾಗಿಲಲ್ಲಿ ತಳ್ಳಿ ಹೋಗಬೇಡಿ. ಬೆಳಿಗ್ಗೆ, ಸಂಜೆ ಗೊತ್ತಾದ ಹೊತ್ತಿಗೆ ಬಾಗಿಲಾಚೆ ಕುಳಿತು ಮಾತನಾಡಿ. "ಹೇಗಿದ್ದೀರಿ" ಎಂದು ಹತ್ತು ಸಲ ಕೇಳುವುದಕ್ಕಿಂತ ಅವರಿಗೆ ಉತ್ತರ ಗೊತ್ತಿರುವ ಬೇರೆ ಪ್ರಶ್ನೆ ಕೇಳಿ. ಸಾವಿನ ಸುದ್ದಿಯನ್ನು ಮನೆಯ ಒಬ್ಬರೇ ತೆಗೆದುಕೊಳ್ಳಲಿ, ಹೇಳುವ ಹೊತ್ತನ್ನು ಅವರೇ ನಿರ್ಧರಿಸಲಿ.

ಆರೈಕೆ ಮಾಡುವವರನ್ನು ಯಾರೂ ನೋಡುವುದಿಲ್ಲ. ನನ್ನ ಸೊಸೆ ಹನ್ನೊಂದು ದಿನ ಕಲ್ಲಿನಂತೆ ನಿಂತಿದ್ದವಳು ಯಜಮಾನರು ಚೇತರಿಸಿಕೊಂಡ ಮೇಲೆ ಹಾಲು ಉಕ್ಕಿದ್ದಕ್ಕೆ ಒಲೆಯ ಮುಂದೆ ಕುಳಿತು ಅರ್ಧ ದಿನ ಅತ್ತಳು. "ಎಲ್ಲಾ ಮುಗಿಯಿತಲ್ಲ, ಈಗ ಯಾಕೆ ಅಳುತ್ತೀ" ಎಂದು ನಾನು ಗದರಿದೆ, ಅದು ನನ್ನ ತಪ್ಪು. ಅವಳ ತವರಿನಲ್ಲಿ ಚಿಕ್ಕಪ್ಪ ತೀರಿಕೊಂಡಿದ್ದರು, ಮುಖ ನೋಡಲೂ ಹೋಗಲಾಗಿರಲಿಲ್ಲ. ಅಂಥವರಿಗೆ ಅಳಲು ಹೊತ್ತು ಕೊಡಿ, ರಾತ್ರಿ ಪಾಳಿಯನ್ನು ನೀವು ತೆಗೆದುಕೊಂಡು ಅವರನ್ನು ಮಲಗಿಸಿ. ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಬದುಕು ಬೇಡವೆನ್ನುವ ಮಾತು ಬಂದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ನಾನು ಆ ಸಂಖ್ಯೆಯನ್ನು ಆಕ್ಸಿಮೀಟರಿನ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದ್ದೇನೆ, ಸೆಲ್ಲುಗಳನ್ನು ಬೇರೆ ಪೊಟ್ಟಣದಲ್ಲಿ ಅದರ ಪಕ್ಕದಲ್ಲೇ ಇಟ್ಟಿದ್ದೇನೆ.