ಆಂಟಿಸೈಕಾಟಿಕ್ ಔಷಧ: ವಾರಗಳನ್ನು ಎಲ್ಲಿಂದ ಎಣಿಸಬೇಕು?

ಇಲ್ಲದ ಮಾತು ಕೇಳಿಸುವುದು, ಬುಡವಿಲ್ಲದ ಸಂಶಯ ಕಾಡುವುದು ಮುಂತಾದ ಲಕ್ಷಣಗಳಿರುವ ಸ್ಕಿಜೋಫ್ರೇನಿಯಾದಂಥ ಮನೋರೋಗಕ್ಕೆ ಕೊಡುವ ಆಂಟಿಸೈಕಾಟಿಕ್ ಮಾತ್ರೆ ಶುರುವಾಗಿ ಮೂರು ದಿನ ಕಳೆಯುವಷ್ಟರಲ್ಲಿ ಮನೆಯವರಿಗೆ ಇದು ಕೆಲಸ ಮಾಡುತ್ತಿದೆಯೇ ಎಂಬ ಪ್ರಶ್ನೆ ಏಳುತ್ತದೆ. ಯಾವ ಕೆಲಸ ಎಂಬುದನ್ನು ಮೊದಲು ಬಿಡಿಸಿಕೊಳ್ಳಬೇಕು, ಏಕೆಂದರೆ ಈ ಔಷಧದ ಪರಿಣಾಮಗಳೆಲ್ಲ ಒಂದೇ ಹೊತ್ತಿಗೆ ಕಾಣಿಸುವುದಿಲ್ಲ.

ಉದ್ರೇಕ ಮತ್ತು ನಿದ್ರಾಹೀನತೆ ಕೆಲವು ಗಂಟೆಗಳಿಂದ ಕೆಲವು ದಿನಗಳೊಳಗೆ ತಗ್ಗಬಹುದು. ಆದರೆ ನಿದ್ದೆ ಬಂದ ಮಾತ್ರಕ್ಕೆ ಕಾಯಿಲೆ ಹಿಡಿತಕ್ಕೆ ಬಂದಿತೆಂದು ಅರ್ಥವಲ್ಲ. ಕಿವಿಯಲ್ಲಿ ಕೇಳಿಸುವ ಮಾತುಗಳು ಮತ್ತು ಸಂಶಯಗಳು ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲಿ ಸಡಿಲಗೊಳ್ಳತೊಡಗಿ, ನಾಲ್ಕರಿಂದ ಆರು ವಾರಗಳವರೆಗೆ, ಕೆಲವರಲ್ಲಿ ಇನ್ನೂ ಹಲವು ತಿಂಗಳು, ಕಡಿಮೆಯಾಗುತ್ತ ಹೋಗುತ್ತವೆ. ಅವು ಒಂದು ಬೆಳಿಗ್ಗೆ ಥಟ್ಟನೆ ನಿಲ್ಲುವುದು ಅಪರೂಪ. ಪಕ್ಕದ ಮನೆಯವರು ತನ್ನನ್ನು ಗಮನಿಸುತ್ತಿದ್ದಾರೆ ಎನ್ನುವ ವ್ಯಕ್ತಿ ಈಗಲೂ ಹಾಗೆಯೇ ಹೇಳಬಹುದು, ಆದರೆ ಕಿಟಕಿ ಮುಚ್ಚಲು ಪದೇ ಪದೇ ಏಳುವುದಿಲ್ಲ. ನನ್ನ ಎಣಿಕೆಯಲ್ಲಿ ಗುಣದ ಮೊದಲ ಗುರುತು ಇದೇ; ‘ಇನ್ನೂ ಕೇಳಿಸುತ್ತಿದೆಯೇ’ ಎಂದು ದಿನವೂ ವಿಚಾರಿಸುವವರಿಗೆ ಇದು ತಪ್ಪಿಹೋಗುತ್ತದೆ. ಮಂಕುತನ, ನಿರಾಸಕ್ತಿ, ಯಾರೊಂದಿಗೂ ಬೆರೆಯದಿರುವುದು ಮಾತ್ರ ಬಹಳ ನಿಧಾನವಾಗಿ, ಹಲವೊಮ್ಮೆ ಅಲ್ಪವಾಗಿಯೇ ಸುಧಾರಿಸುತ್ತವೆ.

ವಾರಗಳನ್ನು ಮೊದಲ ಮಾತ್ರೆಯ ದಿನದಿಂದ ಎಣಿಸಬೇಡಿ. ವೈದ್ಯರು ಕಡಿಮೆ ಪ್ರಮಾಣದಿಂದ ಆರಂಭಿಸಿ ಏರಿಸುವುದುಂಟು. ತಕ್ಕ ಡೋಸ್ ತಲುಪಿ, ಅದನ್ನು ತಪ್ಪದೆ ತೆಗೆದುಕೊಳ್ಳತೊಡಗಿದ ದಿನದಿಂದ ಲೆಕ್ಕ ಶುರುವಾಗುತ್ತದೆ. ಬಿಟ್ಟುಹೋದ ಮಾತ್ರೆಗಳನ್ನು ಮುಚ್ಚಿಡದೆ ಬರೆದಿಡಿ. ಈ ಗುಂಪಿನ ಔಷಧಗಳಲ್ಲಿ ಒಂದಾದ ಲುರಾಸಿಡೋನ್ ಅನ್ನು ಕನಿಷ್ಠ 350 ಕ್ಯಾಲರಿಯ ಊಟದೊಂದಿಗೆ ನುಂಗದಿದ್ದರೆ ಅದು ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಧೂಮಪಾನವು ಇದೇ ಗುಂಪಿನ ಒಲಾಂಜಪೈನ್ ಮತ್ತು ಕ್ಲೋಜಪೈನ್‌ಗಳ ಮಟ್ಟವನ್ನು ಇಳಿಸುತ್ತದೆ, ಆದ್ದರಿಂದ ಸಿಗರೇಟು ಬಿಡುವುದಾದರೂ ವೈದ್ಯರಿಗೆ ಮೊದಲೇ ತಿಳಿಸಬೇಕು.

ವಾರಕ್ಕೊಮ್ಮೆ, ಒಂದೇ ದಿನ, ನಿದ್ದೆಯ ಗಂಟೆಗಳು, ಊಟ, ಸ್ನಾನ, ಮಾತುಕತೆ ಮತ್ತು ಭಯದ ಬಗ್ಗೆ ನಾಲ್ಕು ಸಾಲು ಬರೆದರೆ ಸಾಕು. ಎರಡು ವಾರ ಕಳೆದರೂ ಚೂರೂ ಬದಲಾವಣೆ ಕಾಣದಿದ್ದರೆ ಆ ಬರಹವನ್ನು ವೈದ್ಯರಿಗೆ ತೋರಿಸಿ. ತಕ್ಕ ಡೋಸ್‌ನಲ್ಲಿ ಆರು ವಾರ ಕಳೆದರೂ ಫಲವಿಲ್ಲದಿದ್ದರೆ ಸಾಮಾನ್ಯವಾಗಿ ಔಷಧ ಬದಲಿಸಲಾಗುತ್ತದೆ. ಹೀಗೆ ಎರಡು ಔಷಧಗಳು ಸೋತಾಗ ಕ್ಲೋಜಪೈನ್‌ನ ಮಾತು ಬರುತ್ತದೆ; ಅದಕ್ಕೆ ಸುಮಾರು ಮೂರು ತಿಂಗಳಾದರೂ ಕಾಲ ಕೊಡಬೇಕು, ರಕ್ತಪರೀಕ್ಷೆಯನ್ನು ತಪ್ಪಿಸಬಾರದು. ಮಾತ್ರೆಯ ಬದಲು ಕೆಲವು ವಾರಗಳಿಗೊಮ್ಮೆ ಕೊಡುವ ದೀರ್ಘಾವಧಿಯ ಇಂಜೆಕ್ಷನ್‌ಗಳಲ್ಲಿ ಕೆಲವು ತಡವಾಗಿ ಬಿಡುಗಡೆಯಾಗುವುದರಿಂದ, ಮಾತ್ರೆಯನ್ನು ಎಷ್ಟು ದಿನ ಮುಂದುವರಿಸಬೇಕೆಂದು ಕೇಳಿಕೊಳ್ಳಿ.

ಅಡ್ಡಪರಿಣಾಮಗಳು ಗುಣಕ್ಕಿಂತ ಮುಂಚೆಯೇ ಬರಬಹುದು. ಕುಳಿತಲ್ಲಿ ಕೂರಲಾರದ ಚಡಪಡಿಕೆಯನ್ನು ಕಾಯಿಲೆಯೇ ಹೆಚ್ಚಾಯಿತೆಂದು ತಪ್ಪು ತಿಳಿಯುವವರು ಬಹಳ. ಅದನ್ನು ವೈದ್ಯರಿಗೆ ತಿಳಿಸಿ. ಕುತ್ತಿಗೆ ತಿರುಚಿಕೊಂಡರೆ ಅಥವಾ ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡರೆ ಅಂದೇ ಚಿಕಿತ್ಸೆ ಬೇಕು. ತೀವ್ರ ಜ್ವರದೊಂದಿಗೆ ಮೈ ಬಿಗಿತ ಮತ್ತು ಗೊಂದಲ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಗುಣವಾದ ಮೇಲೆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಮೊದಲ ಬಾರಿಯ ಕಾಯಿಲೆಯ ನಂತರವೂ ಒಂದೆರಡು ವರ್ಷ ಮುಂದುವರಿಸುವಂತೆ ವೈದ್ಯರು ಸಾಮಾನ್ಯವಾಗಿ ಸೂಚಿಸುತ್ತಾರೆ. ನಿಲ್ಲಿಸಿದ ಮರುದಿನವೇ ಕಾಯಿಲೆ ಮರಳುವುದು ಅಪರೂಪ, ಸಾಮಾನ್ಯವಾಗಿ ಹಲವು ವಾರ ಅಥವಾ ತಿಂಗಳು ಕಳೆದು ಮರಳುತ್ತದೆ. ಆಗ ಮಾತ್ರೆ ಬಿಟ್ಟದ್ದಕ್ಕೂ ಇದಕ್ಕೂ ಇರುವ ನಂಟು ಯಾರಿಗೂ ಹೊಳೆಯದೆ ಹೋಗುತ್ತದೆ.