ಈಸ್ಟರ್ ಆದಮೇಲೆ 50 ದಿನ, 149 ವಚನ, 45 ರೂಪಾಯಿಯ ನೋಟ್‌ಬುಕ್

ಲೆಂಟ್, ಅಂದರೆ ಈಸ್ಟರಿಗೆ ಮುಂಚಿನ 40 ದಿನದ ಉಪವಾಸ ಕಾಲದಲ್ಲಿ ನಾವು ಕ್ರೈಸ್ತರೆಲ್ಲ ಶೂರರೇ. ಬೂದಿ ಬುಧವಾರದಿಂದ ಟೀ ಬಿಡುವವರು, ಮಾಂಸ ಬಿಡುವವರು, ಶುಕ್ರವಾರ ಒಪ್ಪತ್ತು ಮಾಡುವವರು. ಶುಭ ಶುಕ್ರವಾರ ಮೂರು ತಾಸು ಅಲುಗಾಡದೆ ಕೂತು ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಪ್ರಸಂಗ ಕೇಳುತ್ತೇವೆ. ಈಸ್ಟರ್ ದಿನ ಬೆಳಗಿನ ಜಾವದ ಆರಾಧನೆ, ಮಧ್ಯಾಹ್ನ ಬಿರಿಯಾನಿ. ಸೋಮವಾರ ಸತ್ಯವೇದ (ಬೈಬಲ್) ವಾಪಸ್ ಕಪಾಟಿಗೆ. ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದ ನೆನಪಿನ ಪೆಂತೆಕೊಸ್ತಿನವರೆಗೆ 50 ದಿನ ಹಬ್ಬದ ಕಾಲವೇ ಅಂತ ಸಂಡೇ ಸ್ಕೂಲಿನಲ್ಲೇ ಕೇಳಿದ್ದೆ. ಆದರೆ ದುಃಖಕ್ಕೆ 40 ದಿನ ಕೊಡುವ ನಾವು ಸಂತೋಷಕ್ಕೆ ಒಂದೇ ದಿನ ಕೊಡುತ್ತೇವೆ ಅನ್ನುವುದು ಹೊಳೆದದ್ದು ಬಹಳ ತಡವಾಗಿ.

ಆ 50 ದಿನ ಬಿಡದೆ ಸತ್ಯವೇದದ ವಾಕ್ಯದ ಜೊತೆ ಇರಬೇಕು ಅಂತ ಮೂರು ವರ್ಷ ಒದ್ದಾಡಿ ಸೋತೆ. 2025ರಲ್ಲಿ ಗೆದ್ದೆ. ಆಗಲ್ಲ ಅಂದವರಿಗೆ ತೋರಿಸಬೇಕು ಅನ್ನುವ ಆಸೆಯೂ ಇದೆ, ಸುಳ್ಳು ಯಾಕೆ ಹೇಳಲಿ.

ನಾನು ಹುಬ್ಬಳ್ಳಿಯಲ್ಲಿ ನರ್ಸ್. ತಿಂಗಳಿಗೆ ಎಂಟು ಹತ್ತು ನೈಟ್ ಡ್ಯೂಟಿ. ದಿನಾ ಬೆಳಗ್ಗೆ ಐದಕ್ಕೆ ಎದ್ದು ಧ್ಯಾನ ಮಾಡಿ ಅನ್ನುವ ಸಲಹೆ ನನಗೆ ಹೇಳಬೇಡಿ. ಐದಕ್ಕೆ ನಾನು ಯಾರದೋ ಬಿ.ಪಿ. ನೋಡುತ್ತಿರುತ್ತೇನೆ.

2022ರಲ್ಲಿ ಯೇಸುವಿನ ಬದುಕು ಹೇಳುವ ನಾಲ್ಕೂ ಸುವಾರ್ತೆ (ಮತ್ತಾಯ, ಮಾರ್ಕ, ಲೂಕ, ಯೋಹಾನ) ಪೂರ್ತಿ ಓದಲು ಹೊರಟೆ. 89 ಅಧ್ಯಾಯ, ದಿನಕ್ಕೆ ಹತ್ತತ್ರ ಎರಡು. ಆ ಸಲ 650 ರೂಪಾಯಿ ಕೊಟ್ಟು ಚರ್ಮದ ಹೊದಿಕೆಯ ಡೈರಿ ತಂದೆ, ಬಣ್ಣದ ಹೈಲೈಟರ್ ಸೆಟ್ 250 ಇರಬೇಕು. ಸತ್ಯವೇದದ ಹಾಳೆ ಎಷ್ಟು ತೆಳು ಅಂತ ನಿಮಗೆ ಗೊತ್ತು. ಮತ್ತಾಯದಲ್ಲಿ ಹಚ್ಚಿದ ಹಸಿರು ಹಿಂದಿನ ಪುಟಕ್ಕೆ ಇಳಿದು ಅಲ್ಲಿ ಬೇಡದ ವಚನ ಹೊಳೆಯತೊಡಗಿತು. ಒಂಬತ್ತನೇ ದಿನಕ್ಕೆ ಐದು ಅಧ್ಯಾಯ ಬಾಕಿ ಬಿತ್ತು. ಬಾಕಿ ತೀರಿಸಲು ಓದುವುದು ಕಂತು ಕಟ್ಟಿದ ಹಾಗೆ, ಮತ್ತಾಯ 13ರಲ್ಲಿ ನಿಂತೆ.

2023ರಲ್ಲಿ ಫೋನಿನ ಆ್ಯಪ್. ಬಸ್ಸಿನಲ್ಲಿ ಕಿವಿಗೆ ಹಾಕಿಕೊಂಡು ಕೇಳುವುದು. ನೈಟ್ ಮುಗಿಸಿ ಬಂದವಳಿಗೆ ಅದು ಜೋಗುಳ, ಎರಡು ಸಲ ಸ್ಟಾಪ್ ದಾಟಿ ಹೋದೆ. ಅದರ ವರ್ಷದ ಚಂದಾ 800ರ ಸುಮಾರು, ಬಿಡಿಸಲು ಮರೆತು ಮುಂದಿನ ವರ್ಷವೂ ಕಟ್ ಆಯಿತು.

2024ರಲ್ಲಿ ಮಹಿಳಾ ಕೂಟದವರ ವಾಟ್ಸಾಪ್ ಗ್ರೂಪ್ ಮಾಡಿದೆ, 14 ಜನ. ದಿನಕ್ಕೊಬ್ಬರು ವಚನ ಹಾಕಿ ಎರಡು ಮಾತು ಬರೆಯಬೇಕು. ಮೊದಲ ವಾರ ಚೆನ್ನಾಗಿತ್ತು. ಆಮೇಲೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್. ಮೇ 7ಕ್ಕೆ ನಮ್ಮ ಕಡೆ ಲೋಕಸಭೆ ಮತದಾನ, ಗ್ರೂಪ್ ತುಂಬಾ ಅದೇ ಜಗಳ. ಎರಡು ದಿನ ಬಿಟ್ಟು ಯೇಸುವಿನ ಸ್ವರ್ಗಾರೋಹಣದ ಗುರುವಾರ ನೋಡಿದರೆ ವಚನ ಹಾಕುವವರು ನಾನು ಮತ್ತು ಇನ್ನೊಬ್ಬರು.

ಆಗ ಅನ್ನಿಸಿತು, ನಾನು ಓದುವ ಜಾಗವೇ ತಪ್ಪು. ಈಸ್ಟರ್ ಕಾಲಕ್ಕೆ ಯೇಸು ಸತ್ತು ಎದ್ದು ಬಂದ ಪುನರುತ್ಥಾನದ ಅಧ್ಯಾಯ ಸಾಕಲ್ವಾ? ಮಾರ್ಕ 16, ಮತ್ತಾಯ 28, ಲೂಕ 24, ಯೋಹಾನ 20 ಮತ್ತು 21. ಕೂಡಿಸಿದೆ: 20, 20, 53, 31, 25. ಒಟ್ಟು 149. ದಿನಕ್ಕೆ ಮೂರು ವಚನ ಅಂದರೆ 50 ದಿನಕ್ಕೆ ಸರಿಯಾಗಿ ಮುಗಿಯುತ್ತದೆ, ಕೊನೆಯ ದಿನ ಎರಡೇ. (ಯೋಹಾನ 21ರಲ್ಲಿ ಶಿಷ್ಯ ಪೇತ್ರನ ಬಲೆಗೆ ಬಿದ್ದ ಮೀನು 153. ನಾಲ್ಕು ಕಡಿಮೆ ಬಿತ್ತಲ್ಲ ಅಂತ ಒಂದು ದಿನ ಪೂರ್ತಿ ಬೇಜಾರಾಗಿದ್ದೆ.) ಓದುವುದಲ್ಲ, ಕೈಯಲ್ಲಿ ಬರೆಯುವುದು. 200 ಪುಟದ ಶಾಲೆ ನೋಟ್‌ಬುಕ್ 45 ರೂಪಾಯಿ, ಬಾಲ್ ಪೆನ್ನು ಹತ್ತು.

ಸಭಾಪಾಲಕರಿಗೆ ಹೇಳಿದರೆ, "ಧ್ಯಾನ ಮುಖ್ಯ ತಂಗಿ, ನಕಲು ಮಾಡೋದಲ್ಲ" ಅಂದರು. ಅತ್ತೆ ಇನ್ನೂ ನೇರ: "ಅಚ್ಚಾಗಿದ್ದನ್ನ ಮತ್ಯಾಕ ಬರೀತಿಯವ್ವಾ, ಪರೀಕ್ಷಾ ಐತೇನು?"

ಏಪ್ರಿಲ್ 20, ಈಸ್ಟರ್ ರಾತ್ರಿ ಶುರು. ನೈಟ್ ಇದ್ದ ದಿನ ಒಂದೇ ವಚನ, ರಜೆ ದಿನ ಐದಾರು, ವಾರದ ಕೊನೆಗೆ 21 ಆಗಿದ್ದರೆ ಸಾಕು. ಬಲಗಡೆ ಪುಟದಲ್ಲಿ ವಚನ. ಎಡಗಡೆ ಪುಟದಲ್ಲಿ ಏನು ಬರೆಯುತ್ತೇನೆ ಅಂತ ಮಾತ್ರ ಹೇಳುವುದಿಲ್ಲ, ಅದು ನನ್ನ ಗುಟ್ಟು. ನಾಲ್ಕನೇ ವಾರಕ್ಕೂ ಪೆನ್ನು ಹಿಡಿಸಿದ್ದು ಅದೇ.

ಬರೆಯುವಾಗ ಕೈ ನಿಧಾನ, ಹಾಗಾಗಿ ಕಣ್ಣು ಎಡವುತ್ತದೆ. ಮಾರ್ಕ 16ರ ಮೊದಲ ವಚನದಲ್ಲೇ ಎಡವಿದೆ. ಸಬ್ಬತ್ (ಯೆಹೂದ್ಯರ ವಿಶ್ರಾಂತಿ ದಿನ) ಕಳೆದ ಮೇಲೆ ಯೇಸುವಿನ ಹಿಂದೆ ಬಂದಿದ್ದ ಹೆಂಗಸರು ಅವನ ದೇಹಕ್ಕೆ ಹಚ್ಚಲು ಸುಗಂಧದ್ರವ್ಯ ಕೊಂಡುಕೊಂಡರು. ಕೊಂಡುಕೊಂಡರು! ದುಡ್ಡು ಕೊಟ್ಟಿದ್ದಾರೆ. ಬೆಳಗ್ಗೆ ಸಮಾಧಿಗೆ ಹೋಗಿ ನೋಡಿದರೆ ಹಚ್ಚಲು ದೇಹವೇ ಇಲ್ಲ. ಹಾಗಾದರೆ ಆ ಸಾಮಾನು ಏನಾಯಿತು? ನಾಲ್ಕು ಸುವಾರ್ತೆಯಲ್ಲೂ ಉತ್ತರ ಇಲ್ಲ. ಮುಟ್ಟದೆ ಬಿದ್ದಿರುವ ನನ್ನ 650ರ ಡೈರಿ ನೆನಪಾಯಿತು. ಊಟ ಮಾಡುವಾಗ ಅತ್ತೆಗೆ ಕೇಳಿದೆ. ಅವರು ರೊಟ್ಟಿ ಮುರಿಯುತ್ತಾ, "ಮನ್ಯಾಗ ಇಟ್ಟಿರ್ತಾರ. ಮುಂದ ಯಾರಿಗರ ಬೇಕಾಗತೈತಲ್ಲ" ಅಂದರು. ಇಷ್ಟು ಸರಳ ಉತ್ತರ ಯಾವ ಪ್ರಸಂಗದಲ್ಲೂ ಕೇಳಿರಲಿಲ್ಲ. ಯೇಸು ಎದ್ದ, ಆದರೆ ಊರಲ್ಲಿ ಸಾಯುವವರು ಸಾಯುತ್ತಲೇ ಇದ್ದರು, ಅವರಿಗೂ ಯಾರಾದರೂ ಹಚ್ಚಬೇಕಲ್ಲ. ನಮ್ಮ ವಾರ್ಡಿನ ಕೆಲಸವೂ ಅದೇ.

ಅದೇ ಅಧ್ಯಾಯದ 8ನೇ ವಚನ ಹೆಂಗಸರು ಹೆದರಿ ಯಾರಿಗೂ ಏನೂ ಹೇಳಲಿಲ್ಲ ಅನ್ನುವಲ್ಲಿಗೆ ನಿಲ್ಲುತ್ತದೆ. 9ರಿಂದ 20 ಅತಿ ಹಳೆಯ ಎರಡು ಕೈಬರಹದ ಪ್ರತಿಗಳಲ್ಲಿ ಇಲ್ಲ ಅನ್ನುವುದು ನಿಮಗೂ ಗೊತ್ತಿರುತ್ತದೆ. ಮೊದಲು ಇದೆಲ್ಲ ಪಂಡಿತರ ಮಾತು ಅಂತ ಬಿಟ್ಟಿದ್ದೆ. ಈಗ ನಾನೇ ನಕಲುಗಾರ್ತಿ. ಲೂಕ 24ರಲ್ಲಿ ಎರಡು ಸಾಲು ಒಂದೇ ಪದಕ್ಕೆ ಮುಗಿದು, ಕಣ್ಣು ಜಾರಿ ನಡುವಿನದನ್ನು ಪೂರ್ತಿ ಹಾರಿಸಿಬಿಟ್ಟೆ. ಮೂರು ದಿನ ಗೊತ್ತೇ ಆಗಲಿಲ್ಲ. ದೀಪದ ಬೆಳಕಲ್ಲಿ ಕೂತು ಬರೆದ ಆ ಹಿಂದಿನವರ ಮೇಲೆ ಒಮ್ಮೆಲೆ ಪ್ರೀತಿ ಬಂತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಯೋಹಾನ 20, ಏಳನೇ ವಚನ. ಖಾಲಿ ಸಮಾಧಿಯಲ್ಲಿ ಯೇಸುವಿನ ತಲೆಗೆ ಸುತ್ತಿದ್ದ ಬಟ್ಟೆ ಬೇರೆ ಬಟ್ಟೆಗಳ ಜೊತೆ ಇರದೆ ಒಂದು ಕಡೆ ಸುತ್ತಿಟ್ಟಿತ್ತು ಅನ್ನುವುದು. ವಾರ್ಡಿನಲ್ಲಿ ಯಾರಾದರೂ ತೀರಿಕೊಂಡರೆ ಮೈ ಒರೆಸಿ, ಮೂಗಿಗೆ ಹತ್ತಿ ಇಟ್ಟು, ಬಾಯಿ ತೆರೆಯದ ಹಾಗೆ ಗಲ್ಲದಿಂದ ನೆತ್ತಿಗೆ ಬ್ಯಾಂಡೇಜ್ ಬಟ್ಟೆ ಕಟ್ಟುತ್ತೇವೆ, ಕಾಲಿನ ಹೆಬ್ಬೆರಳು ಎರಡನ್ನೂ ಸೇರಿಸಿ ಕಟ್ಟುತ್ತೇವೆ. ಇಪ್ಪತ್ತು ವರ್ಷದಲ್ಲಿ ಎಷ್ಟು ಕಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಕಟ್ಟಿದ್ದನ್ನು ಬಿಚ್ಚಿದ್ದು ಒಮ್ಮೆಯೂ ಇಲ್ಲ. ಈ ವಚನ ಬರೆದದ್ದು ನೈಟ್ ಡ್ಯೂಟಿಯಲ್ಲಿ, ಸುಮಾರು ನಾಲ್ಕು ಗಂಟೆಗೆ. ಯೋಹಾನ ಹೇಳುವ ಹಾಗೆ ಇನ್ನೂ ಕತ್ತಲೆ. ಅವಸರದಲ್ಲಿ ಡಿಸ್ಚಾರ್ಜ್ ಆದವರ ಹಾಸಿಗೆ ಹೇಗಿರುತ್ತದೆ ಅಂತ ನನಗೆ ಗೊತ್ತು. ಯೇಸುವಿನ ದೇಹ ಯಾರೋ ಕದ್ದೊಯ್ದರು ಅನ್ನುವವರಿದ್ದಾರೆ; ಹೆಣ ಕದ್ದೊಯ್ಯುವವರಿಗೆ ಇನ್ನೂ ಅವಸರ, ಬಟ್ಟೆ ಸುತ್ತಿಡುತ್ತಾ ಕೂರುವುದಿಲ್ಲ. ಆವತ್ತು ಅದೊಂದೇ ವಚನ ಬರೆದು ಪುಟ ಮುಚ್ಚಿದೆ.

ನಡುವೆ ಪ್ರಯೋಗಗಳೂ ಆದವು. ಎಡಗೈಯಲ್ಲಿ ಬರೆದು ನೋಡಿದೆ, ಧ್ಯಾನ ಆಳವಾಗುತ್ತದೆ ಅಂತ ಯಾರೋ ಹೇಳಿದ್ದರು, ಕೈನೋವು ಬಿಟ್ಟರೆ ಏನೂ ಆಗಲಿಲ್ಲ. ಎಮ್ಮಾಹುವಿನ ದಾರಿಯ ಪ್ರಯೋಗ ಮಾತ್ರ ಚೆನ್ನಾಗಿತ್ತು. ಯೇಸು ಎದ್ದ ದಿನ ಇಬ್ಬರು ಶಿಷ್ಯರು ಎಮ್ಮಾಹು ಅನ್ನುವ ಹಳ್ಳಿಗೆ ನಡೆದರು, ದಾರಿಯಲ್ಲಿ ಜೊತೆಯಾದ ಅಪರಿಚಿತ ಯೇಸುವೇ ಅಂತ ಅವರಿಗೆ ಕೊನೆಗೆ ತಿಳಿಯಿತು. ಯೆರೂಸಲೇಮಿನಿಂದ ಆ ಹಳ್ಳಿಗೆ ಲೂಕ ಹೇಳುವ ದೂರ ಹೆಚ್ಚುಕಡಿಮೆ 11 ಕಿಲೋಮೀಟರ್. ಮೇ ತಿಂಗಳ ಒಂದು ರಜೆ ದಿನ ನಾನು, ನನ್ನ ನಾದಿನಿ ಬೆಳಗ್ಗೆ ಐದಕ್ಕೆ ಮನೆ ಬಿಟ್ಟು ಧಾರವಾಡದ ರಸ್ತೆ ಹಿಡಿದು ಉಣಕಲ್ ಕೆರೆ ದಾಟಿ, ನವನಗರವನ್ನೂ ದಾಟಿ, ಫೋನು 11 ತೋರಿಸುವ ತನಕ ನಡೆದೆವು. ಎರಡೂವರೆ ತಾಸು ಹಿಡಿಯಿತು. ದಾರಿಯಲ್ಲಿ ವಾಕ್ಯದ ಬಗ್ಗೆ ಮಾತಾಡಬೇಕು ಅಂತ ಒಪ್ಪಂದ. ಮಾತಾಡಿದ್ದು ಅವಳ ಮಗಳ ಪಿ.ಯು. ಸೀಟಿನ ಬಗ್ಗೆ. ಚಪ್ಪಲಿ ಕಚ್ಚಿ ಕಾಲು ಬೊಬ್ಬೆ ಎದ್ದಿತು, ಚಿಗರಿ ಬಸ್ಸು ಹತ್ತಿ ವಾಪಸ್ ಬಂದೆವು. ಬಸ್ಸಿನಲ್ಲಿ ಕೂತಾಗ ತಲೆಗೆ ಹೊಳೆಯಿತು: ಆ ಶಿಷ್ಯರಿಬ್ಬರೂ ಅದೇ ರಾತ್ರಿ, ಅದೇ ಗಳಿಗೆಯಲ್ಲಿ ಎದ್ದು ಅಷ್ಟೇ ದಾರಿ ವಾಪಸ್ ನಡೆದರು! ಹೊತ್ತು ಮುಳುಗಿತು, ನಮ್ಮಲ್ಲೇ ಇರು ಅಂತ ಅಪರಿಚಿತನನ್ನು ತಡೆದವರು ಅವರೇ. ನಡೆದು ನೋಡದಿದ್ದರೆ ನನಗೆ ಇದು ತಿಳಿಯುತ್ತಿರಲಿಲ್ಲ.

ಜೂನ್ 8, ಪೆಂತೆಕೊಸ್ತಿನ ಭಾನುವಾರ ಮಧ್ಯಾಹ್ನ ಯೋಹಾನ 21ರ ಕೊನೆಯ ಎರಡು ವಚನ ಬರೆದೆ. ಯೇಸು ಮಾಡಿದ್ದನ್ನೆಲ್ಲ ಬರೆದರೆ ಪುಸ್ತಕಗಳಿಗೆ ಲೋಕವೇ ಸಾಲದು ಅನ್ನುತ್ತಾನೆ ಯೋಹಾನ. ನನ್ನ ನೋಟ್‌ಬುಕ್ಕಿನಲ್ಲಿ ಇನ್ನೂ ಅರ್ಧಕ್ಕಿಂತ ಜಾಸ್ತಿ ಖಾಲಿ ಇತ್ತು. ಪೂರ್ತಿ ತಪ್ಪಿದ ದಿನ ನಾಲ್ಕೋ ಐದೋ, ವಾರದ ಲೆಕ್ಕ ಮಾತ್ರ ಒಮ್ಮೆಯೂ ತಪ್ಪಲಿಲ್ಲ. ಖರ್ಚು 55 ರೂಪಾಯಿ. ಹಿಂದಿನ ಮೂರು ವರ್ಷ ಕಳೆದದ್ದು ಎರಡೂವರೆ ಸಾವಿರದ ಹತ್ತಿರ. ಸಭಾಪಾಲಕರಿಗೆ ತೋರಿಸಿದೆ. ಸುಮಾರು ಹೊತ್ತು ತಿರುವಿ ನೋಡಿ, "ಅಕ್ಷರ ಚೆನ್ನಾಗಿದೆ" ಅಂದರು. ಸಾಕು ಬಿಡಿ.

2026ರ ಈಸ್ಟರ್ ಏಪ್ರಿಲ್ 5ಕ್ಕೆ. ಈ ಸಲ ಎರಡು ನೋಟ್‌ಬುಕ್ ತಂದಿಟ್ಟಿದ್ದೇನೆ, ಒಂದು ಅಗಲ ಗೆರೆಯದು, ಅತ್ತೆಗೆ. ಮಾರ್ಕನಿಂದ ಶುರು ಮಾಡಿ ಅಂದರೆ ಕೇಳುತ್ತಿಲ್ಲ. ಯೋಹಾನ 21ರಿಂದಲೇ ಬರೆಯುತ್ತಾರಂತೆ, ಅದರಲ್ಲಿ ಮೀನು ಸುಡುವುದಿದೆ ಅಂತ.